ಖಾನಾಪುರದ ಕಾಕಾನ ಮನೆಗೆ ಪ್ರಿಂಟರ್ ಹಚ್ಚಿದ್ದು

ಹತ್ತು ನಿಮಿಷದ ಕೆಲಸ ಎಂದು ಪ್ರಿಂಟರ್ ಹಚ್ಚಲು ಹೋದ ಯಾವ ಮನೆಯಿಂದಲೂ ನಾನು ಊಟದ ಹೊತ್ತಿಗಿಂತ ಮುಂಚೆ ಹೊರಬಿದ್ದಿಲ್ಲ. ಸಾಲಿ ಅರ್ಧಕ್ಕೆ ಬಿಟ್ಟವನು. ಆಟೋ ನಗರದ ಗ್ಯಾರೇಜಿನಲ್ಲೂ ನಿಲ್ಲಲಿಲ್ಲ, ರವಿವಾರ ಪೇಟೆಯ ಅಂಗಡಿಯಲ್ಲೂ ನಿಲ್ಲಲಿಲ್ಲ. ಚೀಲ ಹೆಗಲಿಗೆ ಹಾಕಿ ಊರೂರು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುವುದೊಂದು ಮೈಗೆ ಹತ್ತಿತು. ಈಗ ಅದೂ ಸಾಕಾಗಿದೆ. ಖಾನಾಪುರದ ಒಬ್ಬ ಕಾಕಾ ಸಾಕು ಮಾಡಿಸಿದರು.

೧. ಪುಕ್ಕಟೆ ಮಾಲು

ಕಾಕಾನ ಹಳೇ ಕಂಪ್ಯೂಟರ್ ತೆವಳುತ್ತಿತ್ತು. ಲಿನಕ್ಸ್ ಹಾಕಿಕೊಟ್ಟೆ, ಓಡತೊಡಗಿತು.

"ಈ ಲಿನಕ್ಸಿಗೇನ್ ಕೊಡಬೇಕು?"

"ಏನಿಲ್ರಿ ಕಾಕಾ, ಅದು ಎಲ್ಲಾರಿಗೂ ಪುಕ್ಕಟೆ."

ಕಾಕಾ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ಸಾವಕಾಶ ಮಾತಾಡೋ ಮಿಸ್ತ್ರಿ. ಕಳವಿನ ಮಾಲಂತ ಮೊದಲ ಹೇಳೂದಲ್ಲೇನು?"

೨. ಪಾಲಾಗದ ವೈಫೈ

ಕಾಕಾನ ಸ್ವಂತ ತಮ್ಮನ ಮನೆ ಗೋಡೆಯಾಚೆಗೇ. ಆಸ್ತಿ ಪಾಲಾಗುವಾಗ ಜಗಳವಾಗಿ ಮಾತು ನಿಂತಿತ್ತು. ಹಿತ್ತಲು ಪಾಲಾಗಿತ್ತು, ಬಾವಿಯ ನಡುವೆಯೂ ಗೋಡೆ ಬಂದಿತ್ತು. ವೈಫೈ ಮಾತ್ರ ಇನ್ನೂ ಕೂಡಿಯೇ ಇತ್ತು. "ಕಣ್ಣಿಗೇ ಕಾಣಂಗಿಲ್ಲ, ಹೆಂಗ್ ಪಾಲ್ ಮಾಡೂದು?" ಅನ್ನುತ್ತಿದ್ದರು ಕಾಕಾ.

ಆ ವಾರ ಅವರ ಮಗಳ ಮಗನ ಜಾವಳ. ಮೊದಲ ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಕಾಕಾನಿಗೆ ಗಂಡುಮಕ್ಕಳಿಲ್ಲ. ಮಾವನಾಗಬೇಕಾದವನು ಗೋಡೆಯಾಚೆಯ ತಮ್ಮನ ಮಗ.

"ಅವರನ್ನ ಕರೀರಿ," ಎಂದು ಕಾಕಾನ ಹೆಂಡತಿ ಕಾಕೂ ದಿನಾ ಕಣ್ಣೀರು ಹಾಕುತ್ತಿದ್ದರು. "ಇಲ್ಲಾಂದ್ರ ಕೂಸಿನ್ನ ಎದರ ಮ್ಯಾಲೆ ಕುಂದರಸ್ತೀರಿ?"

"ಕುರ್ಚಿ ಮ್ಯಾಲೆ!"

೩. ಬಣ್ಣದ ಚಕ್ರ

ಜಾವಳದ ಆಮಂತ್ರಣ ಮನೆಯಲ್ಲೇ ಛಾಪಿಸಲು ಕಾಕಾ ಹೊಸ ವೈಫೈ ಪ್ರಿಂಟರ್ ತಂದರು. ನಾನು ಕಂಪ್ಯೂಟರ್ ಮುಂದೆ ಕೂತೆ. ಲಿನಕ್ಸ್ ತಾನೇ ಒಂದು ಪ್ರಿಂಟರ್ ಹುಡುಕಿ ತೋರಿಸಿತು. ಪರೀಕ್ಷೆಯ ಹಾಳೆ ಕಳಿಸಿದೆ. ಪ್ರಿಂಟ್ ಮುಗಿಯಿತು ಎಂದಿತು ಕಂಪ್ಯೂಟರ್. ಪ್ರಿಂಟರ್ ಗುಮ್ಮನೆ ಕೂತಿತ್ತು. ಮತ್ತೆ ಕಳಿಸಿದೆ. ಮತ್ತೂ ಕಳಿಸಿದೆ.

ಗೋಡೆಯಾಚೆ ತಮ್ಮನ ಹೆಂಡತಿಯ ದನಿ ಎದ್ದಿತು: "ಅಯ್ಯ ದೇವರ! ಚಕ್ರ ಬರೆದ ಹಾಳಿ ತಾವಾಗೇ ಹೊರಗ ಬರಾಕತ್ತಾವ! ಯಾರೋ ಮಾಟ ಮಾಡ್ಯಾರ, ಲಿಂಬಿಹಣ್ಣ ತರ್ರಿ!"

ಆಗ ತಿಳಿಯಿತು. ತಮ್ಮನ ಮನೆಯಲ್ಲೂ ಅಂಥದೇ ಪ್ರಿಂಟರ್. ವೈಫೈ ಒಂದೇ ಆದ್ದರಿಂದ ಲಿನಕ್ಸ್ ಹಿಡಿದದ್ದು ಅದನ್ನು. ಪರೀಕ್ಷೆಯ ಹಾಳೆಯ ಆ ಚಕ್ರ ಬಣ್ಣಗಳು ಸರಿ ಬರುತ್ತವೋ ಇಲ್ಲವೋ ನೋಡಲು ಇರುವುದು. ಹೋಗಿ ಹೇಳಿ ಬರುತ್ತೇನೆಂದು ಎದ್ದೆ. ಕಾಕಾ ಕೈ ಹಿಡಿದು ಕೂರಿಸಿದರು.

"ಇರ್ಲಿ ಬಿಡು. ಜರಾ ಅಂಜ್ಲಿ ಅವರು."

೪. ಹಿರಿಯನ ಪಾಲು

ಕಾಕಾನ ಪ್ರಿಂಟರಿಗೂ ವೈಫೈ ಹಚ್ಚಿದೆ. ಈಗ ಕಂಪ್ಯೂಟರಿನಲ್ಲಿ ಒಂದೇ ಹೆಸರಿನ ಎರಡು ಪ್ರಿಂಟರ್, ಒಂದರ ಕೆಳಗೊಂದು ಕಾಣತೊಡಗಿದವು. "ಮ್ಯಾಲಿಂದು ಅವರದು, ಕೆಳಗಿಂದು ನಿಮ್ಮದು, ನೆನಪಿಡ್ರಿ," ಎಂದು ಹೇಳಿ ಚಹಾ ಕುಡಿಯಲು ಪಡಸಾಲೆಗೆ ಹೋದೆ. ತಿರುಗಿ ಬಂದರೆ ಕಾಕಾ ಆಮಂತ್ರಣದ ಪ್ರಿಂಟ್ ಒತ್ತುತ್ತಲೇ ಇದ್ದಾರೆ.

"ಒಂದೂ ಬರವಲ್ದೋ ಮಿಸ್ತ್ರಿ!"

"ಯಾವ್ದು ಒತ್ತಿದ್ರಿ?"

"ಮ್ಯಾಲಿಂದು. ಹಿರ್ಯಾ ನಾ ಇದ್ದೀನಿ, ಕೆಳಗಿನ ಪಾಲ್ ಯಾಕ ತಗೊಳ್ಳಲಿ?"

ನಾನು ತಲೆ ಹಿಡಿದು ಕೂತೆ. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ. ಎದೆಗವುಚಿದ ಆಮಂತ್ರಣಗಳ ರಾಶಿ, ಕಣ್ಣಲ್ಲಿ ನೀರು, ಹಿಂದೆ ಮಗ.

"ಬರ್ತೀನಪಾ ಅಣ್ಣಾ! ಇಂವನ್ನೂ ಕರಕೊಂಡ ಬರ್ತೀನಿ. ಇನ್ನ ಕರಿಯೂದು ಸಾಕ್ ಮಾಡು, ಮನ್ಯಾಗಿನ ಹಾಳಿ ಎಲ್ಲಾ ತೀರಿದ್ವು!"

ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಒಮ್ಮೆ ನನ್ನತ್ತ ನೋಡಿದರು, ಒಮ್ಮೆ ತಮ್ಮನತ್ತ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಮತ್ತೇನ್ ಮಾಡ್ಲಿ? ಒಂದ ಕಳಸಿದ್ರ ನೀ ಬರಾಂವಾ?"