ಬೆನ್ನುಡಿ ನಂಬಿದ ಮನೆ ಓನರ್

ಪುಟ್ಟೇನಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಹೋದ ಬೇಸಿಗೆಯಲ್ಲಿ ಒಂದು ಗಂಭೀರ ಘಟನೆ ನಡೆಯಿತು. ನಮ್ಮ ಮನೆ ಓನರ್ ಒಂದು ಪುಸ್ತಕ ಓದಿ ಮುಗಿಸಿದರು. ಪ್ರಾಣಹಾನಿಯೇನೂ ಆಗಲಿಲ್ಲ. ಆದರೆ ಎರಡನೇ ಮಹಡಿಯ ಮನೆ ಮಳೆಗಾಲದವರೆಗೂ ಖಾಲಿ ಬಿತ್ತು. ಇಂಥದ್ದು ಶುರುವಾದರೆ ಒಂದಕ್ಕೇ ನಿಲ್ಲುವುದಿಲ್ಲ. ಅವರು ಎರಡನೆಯ ಪುಸ್ತಕವನ್ನೂ ಕೇಳಿದರು.

ಪುಸ್ತಕ ಹೋದದ್ದು ನಮ್ಮ ಮನೆಯಿಂದ. ನಾನು ಮೊದಲನೇ ಮಹಡಿಯ ಬಾಡಿಗೆದಾರ. ಜಯನಗರದ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ. ನಮ್ಮಲ್ಲಿ ಕಥೆ, ಕವಿತೆ ಅಚ್ಚಾಗುವುದಿಲ್ಲ. ಮನುಷ್ಯರ ಸ್ವಭಾವ, ಸಮಾಜ, ನಡವಳಿಕೆ ಇಂಥ ವಿಷಯದ ಪುಸ್ತಕಗಳು ಮಾತ್ರ. ಅವುಗಳ ಬೆನ್ನುಡಿ ಬರೆಯುವವನೂ ನಾನೇ. ‘ಜನರನ್ನೂ ಸಮಾಜವನ್ನೂ ಅರ್ಥ ಮಾಡಿಕೊಳ್ಳಲು ಹೊಸ ಒಳನೋಟ ನೀಡುವ ಕೃತಿ’ ಎಂಬ ವಾಕ್ಯವನ್ನು ಉಪ್ಪಿನ ಪೊಟ್ಟಣದ ಮೇಲೆ ‘ಅಯೋಡಿನ್‌ಯುಕ್ತ’ ಎಂದು ಹಾಕುವ ಹಾಗೆ ಎಲ್ಲದರ ಹಿಂದೆಯೂ ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಅದರ ಮೇಲೆ ಯಾರೂ ದೂರು ಕೊಟ್ಟಿರಲಿಲ್ಲ. ಯಾರೂ ನಂಬಿಯೂ ಇರಲಿಲ್ಲ.

ಓನರ್ ನಂಬಿದರು.

“ಇದು ನಿಜಾನಾ ಸಾರ್? ಓದಿದ್ರೆ ಜನ ಅರ್ಥ ಆಗ್ತಾರಾ?”

“ಆಗ್ತಾರೆ,” ಎಂದೆ. ನಾನೇ ಬರೆದದ್ದನ್ನು ನಾನೇ ಹೇಗೆ ಅಲ್ಲಗಳೆಯಲಿ?

ಅವರಿಗೆ ಜನ ಅರ್ಥವಾಗಬೇಕಾದ ತುರ್ತು ಇತ್ತು. ತಂದೆ ರಾಗಿ ಬೆಳೆದ ಜಾಗದಲ್ಲಿ ಇವರು ಮೂರು ಅಂತಸ್ತು ಬೆಳೆದಿದ್ದರು. ಎರಡನೇ ಮಹಡಿಗೆ ಹಿಂದೆ ಬಂದವರು ಮನೆ ಕೇಳುವಾಗ ಬಹಳ ಮೆತ್ತಗಿದ್ದರು. ಬಂದ ಮೇಲೆ ಹಾಲ್‌ನಲ್ಲಿ ಜುಂಬಾ ಕ್ಲಾಸ್ ನಡೆಸಿದರು. ಕೆಳಗೆ ನಮ್ಮ ಮನೆಯ ಫ್ಯಾನು ಸ್ವಿಚ್ ಹಾಕದೆಯೇ ಅಲ್ಲಾಡುತ್ತಿತ್ತು. ಅವರನ್ನು ಕಳಿಸಿದ ಮೇಲೆ ಓನರ್, “ಮುಖ ನೋಡಿ ಮನೆ ಕೊಟ್ಟು ಮೋಸ ಹೋದೆ ಸಾರ್. ಇನ್ಮೇಲೆ ಓದಿಯೇ ಕೊಡೋದು,” ಎಂದು ತೀರ್ಮಾನಿಸಿದರು.

ಇದಕ್ಕೆ ಓನರ್ ಆಂಟಿ ಒಂದು ಗಡುವು ಹಾಕಿದರು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲವಲ್ಲ, ಆದ್ದರಿಂದ “ಆಷಾಢದೊಳಗೆ ಯಾರೂ ಬರ್ಲಿಲ್ಲ ಅಂದ್ರೆ ನನ್ನ ತಮ್ಮನ್ನ ಕರೆಸ್ಕೋತೀನಿ.” ತಮ್ಮ ಇರುವುದು ವಸಂತಪುರದಲ್ಲಿ. ಪಂದ್ಯದ ಪಾರಿವಾಳ ಸಾಕುತ್ತಾರೆ.

“ಬಾಮೈದ ಒಬ್ಬನೇ ಆದ್ರೆ ಹೆಂಗೋ ಇಟ್ಕೋತಿದ್ದೆ ಸಾರ್,” ಎಂದು ಓನರ್ ತಗ್ಗಿದ ದನಿಯಲ್ಲಿ ಹೇಳಿದರು. “ಅವು ಟೆರೇಸು ಹಿಡಿದ್ರೆ ನನ್ನ ಕುರ್ಚಿ ಎಲ್ಲಿ ಹಾಕ್ಲಿ?”

ಒಂದು: ಮೂಗು

ಮೊದಲನೆಯದು ದೇಹಭಾಷೆಯ ಪುಸ್ತಕ. ಬಾಯಿ ಮುಚ್ಚಿಟ್ಟದ್ದನ್ನು ಕೈ ಹೇಳಿಬಿಡುತ್ತದೆ, ಮಾತಾಡುತ್ತ ಮೂಗು ಮುಟ್ಟಿಕೊಳ್ಳುವವರ ಮೇಲೆ ಒಂದು ಕಣ್ಣಿರಲಿ ಎಂಬುದು ಅದರ ಸಾರಾಂಶ.

ಭಾನುವಾರ ಬಿಳೇಕಹಳ್ಳಿಯಿಂದ ಗಂಡ ಹೆಂಡತಿ ಮನೆ ನೋಡಲು ಬಂದರು. ಓನರ್ ಅವರನ್ನು ಕೆಳಗೆ ತಮ್ಮ ಹಾಲ್‌ನಲ್ಲಿ ಕೂರಿಸಿದರು. ಎದುರಿಗೆ ತಾವು, ಪಕ್ಕದಲ್ಲಿ ಸಾಕ್ಷಿಯಾಗಿ ನಾನು.

“ಎಲ್ಲಿ ಕೆಲಸ?”

“ಬನ್ನೇರುಘಟ್ಟ ರೋಡಲ್ಲಿ ಸಾರ್. ಆಸ್ಪತ್ರೇಲಿ ಅಕೌಂಟ್ಸು,” ಎಂದು ಗಂಡ ಮೂಗು ಉಜ್ಜಿಕೊಂಡರು. ಓನರ್ ನನ್ನ ಕಡೆ ನೋಡಿದರು.

“ಮನೇಲಿ ಎಷ್ಟು ಜನ?”

“ನಾವಿಬ್ಬರೇ ಸಾರ್.” ಮತ್ತೆ ಮೂಗು.

“ಈಗಿರೋ ಮನೆ ಯಾಕೆ ಬಿಡ್ತಿದೀರಿ?”

ಹೆಂಡತಿ ದುಪಟ್ಟಾ ತೆಗೆದು ಮೂಗಿಗೆ ಹಿಡಿದರು. ಕಣ್ಣಿಂದ ನೀರು ಇಳಿಯಿತು. ಓನರ್ ನನ್ನ ಕಿವಿಯ ಹತ್ತಿರ ಬಂದು, “ನೋಡಿದ್ರಾ? ಅಳೋಕೇ ಶುರು ಮಾಡಿದ್ರು. ಏನೋ ದೊಡ್ಡದೇ ಇದೆ ಸಾರ್,” ಎಂದರು.

ಆಗ ನಾನು ಸೀನಿದೆ. ನನ್ನ ಹಿಂದೆಯೇ ಓನರ್ ಸೀನಿದರು, ನಿಲ್ಲಿಸದೆ ಸೀನಿದರು. ಅಡುಗೆಮನೆಯಿಂದ ಆಂಟಿಯ ದನಿ ಬಂತು: “ರೀ, ಸಾರಿನ ಪುಡಿಗೆ ಮೆಣಸಿನಕಾಯಿ ಹುರೀತಿದೀನಿ, ಕಿಟಕಿ ತೆಗೀರಿ ಅಂತ ಆಗ್ಲಿಂದ ಕೂಗ್ತಿಲ್ವಾ!”

ನಾವು ಕಿಟಕಿ ತೆಗೆದು ತಿರುಗುವಷ್ಟರಲ್ಲಿ ಗಂಡ ಹೆಂಡತಿ ಗೇಟು ದಾಟಿದ್ದರು. ಓನರ್ ಕಣ್ಣೊರೆಸಿಕೊಂಡರು, ಆದರೆ ಪುಸ್ತಕವನ್ನು ಬಿಟ್ಟುಕೊಡಲಿಲ್ಲ.

“ಮೆಣಸಿನಕಾಯಿ ಸರಿ ಸಾರ್. ನಿಜ ಹೇಳೋರು ತಡ್ಕೊಂಡು ಕೂತಿರ್ತಿದ್ರು.”

ಎರಡು: ಕಿವಿ

ಎರಡನೆಯದು ಕೇಳಿಸಿಕೊಳ್ಳುವ ಕಲೆಯ ಬಗ್ಗೆ. ಎದುರಿನವರ ಮಾತಿನ ಕೊನೆಯನ್ನೇ ಮೆಲ್ಲಗೆ ತಿರುಗಿಸಿ ಹೇಳಿ ಸುಮ್ಮನಿದ್ದರೆ, ಅವರು ತಾವಾಗಿಯೇ ಮನಸ್ಸು ಬಿಚ್ಚುತ್ತಾರಂತೆ. ಇದು ನಿಜ. ನಾನು ಕಣ್ಣಾರೆ ಕಂಡಿದ್ದೇನೆ.

ಬಂದವರು ಬಿಟಿಎಂ ಲೇಔಟಿನ ಇಬ್ಬರು ಹುಡುಗರು. ಇಸ್ತ್ರಿ ಮಾಡಿದ ಶರ್ಟು, ಒಬ್ಬನ ಹಣೆಯಲ್ಲಿ ಕುಂಕುಮ. ಮನೆ ಕೇಳಲು ಹೊರಟ ಬ್ಯಾಚುಲರ್‌ಗಳು ತೊಡುವ ಸಮವಸ್ತ್ರ ಅದೇ.

“ನಾವಿಬ್ಬರೇ ಅಂಕಲ್,” ಎಂದ ಕುಂಕುಮದವನು.

“ಇಬ್ಬರೇ...” ಎಂದರು ಓನರ್, ಮೆಲ್ಲಗೆ.

“ಅಂದ್ರೆ, ಇನ್ನೊಬ್ಬ ಫ್ರೆಂಡ್ ಬಂದು ಹೋಗ್ತಿರ್ತಾನೆ.”

“ಬಂದು ಹೋಗ್ತಿರ್ತಾನೆ...”

“ಹೋಗೋದು ಸ್ವಲ್ಪ ಕಮ್ಮಿ.”

“ಕಮ್ಮಿ...”

ಎರಡನೆಯವನು ಬೆವರೊರೆಸಿಕೊಂಡ. “ಹೇಳ್ಬಿಡು ಮಗಾ. ಅಂಕಲ್‌ಗೆ ಯಾರೋ ಹೇಳಿದಾರೆ.”

“ಡ್ರಮ್ಸ್ ಅವನದೇ ಅಂಕಲ್. ಪ್ರಾಕ್ಟೀಸ್ ಶನಿವಾರ ಮಾತ್ರ.”

“ಶನಿವಾರ ಮಾತ್ರ...”

“ಭಾನುವಾರಕ್ಕೂ ಹೋಗುತ್ತೆ. ನಾಯಿ ಬೊಗಳೋಕೆ ಶುರು ಮಾಡಿದ್ರೆ ನಿಲ್ಲಿಸ್ಬಿಡ್ತೀವಿ.”

“ನಾಯಿ?” ಎಂದರು ಓನರ್. ಈ ಸಲ ಅದು ಪುಸ್ತಕದಿಂದ ಬಂದದ್ದಲ್ಲ.

ಮನೆ ಕೊಡಲಿಲ್ಲ. ಆದರೆ ಓನರ್ ಮುಖದಲ್ಲಿ ಗೆದ್ದ ಕಳೆಯಿತ್ತು. ಗೇಟಿನ ಹೊರಗೆ ಹುಡುಗರು ಬೈಕ್ ಹತ್ತುತ್ತಿದ್ದರು. “ಮನೆ ಹೋದ್ರೆ ಹೋಗ್ಲಿ ಗುರು, ಅಂಕಲ್ ಸಖತ್,” ಎನ್ನುತ್ತಿದ್ದ ಕುಂಕುಮದವನು. “ನಮ್ಮಪ್ಪನೂ ನನ್ನ ಮಾತು ಇಷ್ಟು ಕೇಳಿಸ್ಕೊಂಡಿಲ್ಲ.”

ಮೂರು: ಬಾಯಿ

ಮೂರನೆಯದು ಸಮಾಜಶಾಸ್ತ್ರ. ನಗರದ ಮನೆ ಮಾಲೀಕರು ಬಾಡಿಗೆದಾರರ ಜಾತಿಯನ್ನು ಕೇಳದ ಹಾಗೆ ಹೇಗೆ ಕೇಳುತ್ತಾರೆ ಎಂಬುದರ ಅಧ್ಯಯನ. ಅರ್ಧ ಓದಿದ ಓನರ್ ಸಿಟ್ಟಿನಿಂದ ಮೆಟ್ಟಿಲು ಹತ್ತಿ ಬಂದರು.

“ಎಂಥಾ ಜನ ಇದಾರೆ ಸಾರ್ ಈ ಊರಲ್ಲಿ! ನೇರವಾಗಿ ಕೇಳೋಕೆ ನಾಚಿಕೆ. ಅದಕ್ಕೆ ‘ಯಾವ ಊರು’ ಅಂತಾರಂತೆ. ‘ಊಟಗೀಟ ಹೆಂಗೆ’ ಅಂತಾರಂತೆ. ಥೂ!”

“ನೀವು ಏನು ಕೇಳ್ತಿದ್ರಿ?”

“ನಾನಾ? ನಾನು ಅಂಥದ್ದೆಲ್ಲ ಕೇಳೋನಲ್ಲ. ಬರೀ ಮನೆದೇವರು ಯಾವುದು ಅಂತ...”

ಅಷ್ಟಕ್ಕೇ ತಿರುಗಿ ಕೆಳಗಿಳಿದು ಹೋದರು. ಮಾರನೆಯ ಬೆಳಿಗ್ಗೆ ಬಂದು, ಕಳ್ಳನ ಫೋಟೋದಲ್ಲಿ ತಮ್ಮ ಮುಖ ಕಂಡವರ ಹಾಗೆ, “ಸಾರ್, ಆ ಪುಸ್ತಕದಲ್ಲಿ ನಾನಿದೀನಿ,” ಎಂದರು. ಇನ್ನು ಮುಂದೆ ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ನಿರ್ಧಾರವಾಯಿತು.

ಆ ವಾರ ಬಂದವರು ಕಾಲೇಜು ಮೇಷ್ಟ್ರು ಮತ್ತು ಅವರ ಹೆಂಡತಿ. ಓನರ್ ಬೀಗದ ಕೈ ಕೊಟ್ಟು, “ನೋಡ್ಕೊಂಡು ಬನ್ನಿ. ಇಷ್ಟ ಆದ್ರೆ ನಾಳೇನೇ ಬಂದ್ಬಿಡಿ,” ಎಂದರು.

ಮೇಷ್ಟ್ರು ಕಾದರು. “ಏನೂ ಕೇಳಲ್ವಾ ಸಾರ್?”

“ಇಲ್ಲ.”

“ನಮ್ಮೂರು ಹಾಸನದ ಹತ್ರ...”

“ಬೇಡ ಬೇಡ, ಹೇಳ್ಬೇಡಿ.”

“ಮನೆದೇವರು ಬಂದು...”

ಓನರ್ ಎರಡೂ ಕಿವಿ ಮುಚ್ಚಿಕೊಂಡರು. ಮೇಷ್ಟ್ರ ಹೆಂಡತಿ ಗಂಡನನ್ನು ಪಕ್ಕಕ್ಕೆ ಎಳೆದರು. “ರೀ, ಓನರ್ ಏನೂ ಕೇಳ್ತಿಲ್ಲ ಅಂದ್ರೆ ಈ ಮನೇಲಿ ಏನೋ ಇದೆ.” ಇಬ್ಬರೂ ಮೇಲೆ ಹೋಗಿ ಗೋಡೆ ಬಡಿದರು, ಬಾತ್‌ರೂಮಿನ ಬಾಗಿಲ ಹಿಂದೆ ನೋಡಿದರು. ಇಳಿಯುವಾಗ ಮೇಷ್ಟ್ರು ನನ್ನನ್ನು ಹಿಡಿದು ನಿಲ್ಲಿಸಿದರು.

“ನಿಜ ಹೇಳಿ ಸಾರ್. ಮೇಲಿನ ಮನೇಲಿ ಹಿಂದೆ ಏನಾದ್ರೂ ಆಗಿತ್ತಾ?”

“ಜುಂಬಾ,” ಎಂದೆ.

ಸಂಜೆ ಅವರನ್ನು ಕಳಿಸಿದ್ದ ಬ್ರೋಕರ್ ಓನರ್‌ಗೆ ಫೋನ್ ಮಾಡಿ, ಮೇಷ್ಟ್ರು ಬರುವುದಿಲ್ಲವಂತೆ, ಒಂದು ಸಣ್ಣ ಹೋಮ ಮಾಡಿಸಿಬಿಡುವುದು ಒಳ್ಳೆಯದು ಎಂದು ಸಲಹೆ ಕೊಟ್ಟ.

ನಾಲ್ಕು: ಸಂದರ್ಶನ

ಆಷಾಢಕ್ಕೆ ಇನ್ನು ಒಂದು ವಾರವಿರಬಹುದು. ವಸಂತಪುರದ ಬಾಮೈದ ಟೇಪು ಹಿಡಿದು ಬಂದು ಟೆರೇಸು ಅಳೆದರು. ನನಗೆ ಧೈರ್ಯ ಹೇಳಿದರು: “ನಿಮಗೇನೂ ತೊಂದ್ರೆ ಇಲ್ಲ ಸಾರ್. ಬೆಳಿಗ್ಗೆ ಐದಕ್ಕೆ ಹಾರಿಸ್ತೀನಿ, ಅಷ್ಟೇ. ಅಲಾರಂ ಖರ್ಚು ಉಳಿಯುತ್ತೆ.” ಓನರ್ ತಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು. ಯಾರೋ ಅದನ್ನು ಆಗಲೇ ಎತ್ತಿಕೊಂಡು ಹೋಗುತ್ತಿರುವ ಹಾಗಿತ್ತು.

ಮಾರನೆಯ ದಿನ ಆಟೋದಲ್ಲಿ ತಾಯಿ ಮಗಳು ಬಂದಿಳಿದರು. ಮಗಳಿಗೆ ಜಯನಗರದ ಒಂದು ಕಚೇರಿಯಲ್ಲಿ ಕೆಲಸ. ಗೇಟಿನಲ್ಲಿ ನಿಂತೇ ಶುರು ಮಾಡಿದರು.

“ಸಾರ್, ಮೊದಲೇ ಹೇಳ್ಬಿಡ್ತೀನಿ, ಇಬ್ಬರಿಗೂ ಟೈಮ್ ಉಳಿಯುತ್ತೆ. ನಾನು, ಅಮ್ಮ, ಇಬ್ಬರೇ. ಬೌದ್ಧರು. ನಾನ್‌ವೆಜ್ ಮಾಡ್ತೀವಿ. ಇಷ್ಟು ಹೇಳಿದ್ದಕ್ಕೇ ಬನಶಂಕರೀಲಿ, ಜೇಪಿ ನಗರದಲ್ಲಿ ಮನೆ ಕೈತಪ್ಪಿದೆ. ನಿಮಗೂ ಕಷ್ಟ ಅಂದ್ರೆ ಈಗಲೇ ಹೇಳಿ, ಆಟೋ ಇನ್ನೂ ನಿಂತಿದೆ.”

“ಕಷ್ಟ ಏನಿಲ್ಲ ಮೇಡಂ. ನಮ್ಮನೇಲೂ ಮಾಡ್ತೀವಿ.”

“ಒಳ್ಳೇದು. ಹಾಗಾದ್ರೆ ಈಗ ನಾನು ಕೇಳ್ತೀನಿ.”

ಆಟೋ ಹೋಯಿತು. ತಾಯಿ ಆಂಟಿಯ ಜೊತೆ ಒಳಗೆ ಹೋದರು. ಮಗಳು ಹಾಲ್‌ನಲ್ಲಿ ಓನರ್ ದಿನಾ ಕೂರುವ ಜಾಗದಲ್ಲೇ ಕೂತರು. ಓನರ್‌ಗೆ ಉಳಿದದ್ದು ಎದುರಿನ ಜಾಗ.

“ನೀರಿನ ಮೋಟಾರ್ ಯಾರ ಕೈಲಿರುತ್ತೆ?”

“ನನ್ನ ಕೈಲಿ.”

“ಬೆಲ್ ಮಾಡದೆ ಬಾಡಿಗೆಯವರ ಮನೆ ಒಳಗೆ ಬರೋ ಅಭ್ಯಾಸ?”

“ಇಲ್ಲಮ್ಮ.”

“ನಮ್ಮನೆಗೆ ಯಾರು ಬಂದ್ರು, ಯಾರು ಹೋದ್ರು ಅಂತ ಕಾಂಪೌಂಡಲ್ಲಿ ನಿಂತು ನೋಡ್ತೀರಾ?”

ಓನರ್ ಕಷ್ಟಪಟ್ಟು ನಿಜ ಹೇಳಿದರು. “ಗಿಡಕ್ಕೆ ನೀರು ಹಾಕುವಾಗ ಮಾತ್ರ.”

“ಎಷ್ಟು ಗಿಡ ಇದೆ?”

“ಒಂದು ತುಳಸಿ.”

“ಎಷ್ಟು ಹೊತ್ತು ಹಾಕ್ತೀರಾ?”

ಓನರ್ ನನ್ನ ಕಡೆ ನೋಡಿದರು. ನಾನು ತುಳಸಿಯ ಕಡೆ ನೋಡಿದೆ. ಅದು ಕೊಳೆಯುವ ಹಂತದಲ್ಲಿತ್ತು.

ಆಮೇಲೆ ಮಗಳು, ಈಗಿರುವ ಬಾಡಿಗೆದಾರರ ಹತ್ತಿರ ಒಂದು ಮಾತಾಡಬೇಕು ಎಂದು ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. “ಓನರ್ ಹೇಗೆ ಸಾರ್?”

“ಒಳ್ಳೆಯವರು. ಇತ್ತೀಚೆಗೆ ಪುಸ್ತಕ ಓದ್ತಾರೆ.”

“ಎಂಥಾ ಪುಸ್ತಕ?”

“ಜನರನ್ನ ಅರ್ಥ ಮಾಡ್ಕೊಳ್ಳೋಕೆ.”

ಅವರು ಹಾಲ್ ಕಡೆ ಒಮ್ಮೆ ಬಗ್ಗಿ ನೋಡಿದರು. “ಯಾವಾಗ ಮುಗಿಯುತ್ತೆ?”

ನಾವು ಒಳಗೆ ಬಂದಾಗ ಓನರ್ ಎದ್ದು ನಿಂತರು. ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು, “ಇನ್ನೂ ಒಂದೆರಡು ಕಡೆ ಓನರ್‌ಗಳನ್ನ ನೋಡೋದಿದೆ ಸಾರ್. ಯೋಚ್ನೆ ಮಾಡಿ ತಿಳಿಸ್ತೀವಿ,” ಎಂದರು.

ಮನೆ ಕೇಳಿ ಬಂದವರಿಗೆ ಓನರ್‌ಗಳು ಹೇಳಿ ಕಳಿಸುವ ಮಾತು ಇದು. ಅದನ್ನು ಕೇಳಿಸಿಕೊಂಡರೆ ಹೇಗಿರುತ್ತದೆ ಎಂಬುದು ನಮ್ಮ ಪ್ರಕಾಶನದ ಯಾವ ಪುಸ್ತಕದಲ್ಲೂ ಇಲ್ಲ.

“ಮೇಡಂ, ನಮ್ಮಲ್ಲಿ ಏನಾದ್ರೂ ಕಮ್ಮಿ ಆಯ್ತಾ?” ಎಂದರು ಓನರ್. “ಮೋಟಾರ್ ಸ್ವಿಚ್ ಬೇಕಾದ್ರೆ ನೀವೇ ಇಟ್ಕೊಳ್ಳಿ. ತುಳಸೀನ ಹಿಂದುಗಡೆ ಇಡ್ತೀನಿ.”

“ನೋಡೋಣ ಸಾರ್. ಅಮ್ಮಾ, ಬಾ ಹೋಗೋಣ!”

ಅಮ್ಮ ಕೆಳಗೆ ಇರಲಿಲ್ಲ. ಎರಡನೇ ಮಹಡಿಯಿಂದ ಇಬ್ಬರು ಹೆಂಗಸರ ನಗು ಕೇಳಿಸಿತು. ಹತ್ತಿ ನೋಡಿದರೆ ತಾಯಿ ಖಾಲಿ ಅಡುಗೆಮನೆಯನ್ನು ಗುಡಿಸುತ್ತಿದ್ದರು. ಬೀಗದ ಕೈ ಅವರ ಸೊಂಟದಲ್ಲಿತ್ತು.

“ಸ್ಟವ್ ಕಿಟಕಿ ಪಕ್ಕ ಇಡೋದು ಅಂತ ಆಯ್ತು ಕಣ್ರೀ,” ಎಂದರು ಆಂಟಿ. “ಗುರುವಾರ ಬರ್ತಾರೆ.”

“ಬರ್ತಾರಾ? ನೀನು ಅವರನ್ನ ಏನು ಕೇಳ್ದೆ?”

“ನಾನೇನು ಕೇಳ್ಲಿ? ತಲೆಮಾಂಸ ಯಾವ ಅಂಗಡೀಲಿ ಚೆನ್ನಾಗಿರುತ್ತೆ ಅಂತ ಅವರೇ ಕೇಳಿದ್ರು. ಭಾನುವಾರ ಕರ್ಕೊಂಡು ಹೋಗ್ತೀನಿ ಅಂದೆ.”

ಮಗಳು ಬಾಗಿಲಲ್ಲೇ ನಿಂತುಬಿಟ್ಟರು. “ಅಮ್ಮಾ! ನಾನಿನ್ನೂ ಓನರ್‌ನ ಒಪ್ಪಿಲ್ಲ!”

“ನೀನು ನಿಧಾನಕ್ಕೆ ಒಪ್ಕೋ,” ಎಂದರು ತಾಯಿ, ಪೊರಕೆ ನಿಲ್ಲಿಸದೆ. “ನನಗೆ ಈ ಅಕ್ಕ ಸಾಕು.”

ಗುರುವಾರ ಬೆಳಿಗ್ಗೆ ಅವರ ಸಾಮಾನು ಬಂತು. ಆಷಾಢ ಶುರುವಾಯಿತು. ಪಾರಿವಾಳಗಳು ವಸಂತಪುರದಲ್ಲೇ ಇವೆ.