ಪೂರ್ವಕ್ಕೆ ಬಾಗಿಲಿಟ್ಟ ಕಿಣ್ವ

ಚಾಮರಾಜಪೇಟೆಯಲ್ಲಿ ಕಿಣ್ವ ಕಟ್ಟುವವರು ಸುತ್ತಲೂ ಮೂರಡಿ ಜಾಗ ಬಿಡತಕ್ಕದ್ದು. ಈ ನಿಯಮ ಮುಂಚೆ ಇರಲಿಲ್ಲ. ಯಾಕೆಂದರೆ ಮುಂಚೆ ಯಾರೂ ಕಟ್ಟಿರಲಿಲ್ಲ.

ಮೊದಲು ಕಟ್ಟಿದವರು ಚೂಡಾಮಣಿ ಮೇಡಂ. ಅಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟು, ಈ ತಿಂಗಳ ಮೂವತ್ತೊಂದಕ್ಕೆ ರಿಟೈರಾಗುವವರು. ನಮ್ಮ ಮೈಯೊಳಗೆ ನೋವು, ಊತ ಎಬ್ಬಿಸುವ ಸಾಮಾನು ತಯಾರಿಸುವ ಕಿಣ್ವ, ಅಂದರೆ ಎಂಜೈಮು, ಒಂದಿದೆ. ಮಂಡಿನೋವಿಗೆ ನಾವು ನುಂಗುವ ಮಾತ್ರೆ ಹೋಗಿ ಕೂರುವುದು ಅದರ ಹೊಟ್ಟೆಯಲ್ಲೇ. ಪಠ್ಯಪುಸ್ತಕದಲ್ಲಿ ಅದರ ಚಿತ್ರ ಕಡಲೆಬೀಜದಷ್ಟಿತ್ತು. ಮಕ್ಕಳು ಅದನ್ನು ಕಡಲೆಬೀಜ ಅಂತಲೇ ನಂಬಿದ್ದರು.

ಅದನ್ನು ನೋಡಲಾರದೆ ಮೇಡಂ ನಾಲ್ಕು ವರ್ಷದ ಭಾನುವಾರಗಳಲ್ಲೆಲ್ಲ ಕೂತು, ಚಿಕ್ಕಪೇಟೆಯ ಮಣಿಗಳನ್ನು ತಂತಿಗೆ ಪೋಣಿಸಿ, ಆಳೆತ್ತರದ ಮಾದರಿ ಮಾಡಿದ್ದರು. ಸಾವಿರದ ನೂರಕ್ಕೂ ಮೀರಿದ ಮಣಿ. ತದ್ರೂಪಿ ಗಂಟುಗಳೆರಡು, ಬೆನ್ನಿಗೆ ಬೆನ್ನು ಅಂಟಿಕೊಂಡು ನಿಂತಿದ್ದವು. ಬಿಡಿಸಿದರೆ ಎರಡೂ ಕೆಲಸಕ್ಕೆ ಬಾರವು. ಅವುಗಳ ಬುಡ ಮಾತ್ರ ಜೀವಕೋಶದೊಳಗಿನ ಪೊರೆಯಲ್ಲಿ ಹೂತಿತ್ತು, ಮಿಕ್ಕ ಮೈಯೆಲ್ಲ ಮೇಲೆ. ಪೊರೆಯ ಬದಲಿಗೆ ಎರಡು ಸಾಲು ಪ್ಲಾಸ್ಟಿಕ್ ಚೆಂಡು. ಬುಡದಿಂದ ಒಳಕ್ಕೆ ಒಂದೊಂದು ಉದ್ದನೆಯ ಸುರಂಗ, ಸುರಂಗದಲ್ಲಿ ಒಂದೊಂದು ಕೆಂಪು ಬುಗುರಿ. ಬುಗುರಿಯೇ ಮಾತ್ರೆ. ಅದು ಕೂತರೆ ದಾರಿ ಬಂದ್, ನೋವೂ ಬಂದ್.

ಇದನ್ನು ಅಂಗಳದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ನಿಂತು ಕೊನೆಯ ಪಾಠ ಮಾಡಿ ಮನೆಗೆ ಹೋಗಬೇಕು. ಮೇಡಂಗೆ ಇದ್ದದ್ದು ಅದೊಂದೇ ಆಸೆ.

ಆದರೆ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್ ಶಂಭುಲಿಂಗಪ್ಪನವರು ಸೀಲು ಬೀಳದ ವಸ್ತುವನ್ನು ಅಂಗಳಕ್ಕೆ ಬಿಟ್ಟವರಲ್ಲ. ಹಬ್ಬದ ಗಣೇಶನನ್ನೇ ಒಮ್ಮೆ ಅರ್ಧ ದಿನ ಗೇಟಿನಾಚೆ ಆಟೋದಲ್ಲಿ ಕೂರಿಸಿದ್ದರು. ಬೀರು ತೆಗೆದು ನೋಡಿದರು. ಶಾಮಿಯಾನಕ್ಕೆ ಅರ್ಜಿ ಇತ್ತು, ಬೋರ್‌ವೆಲ್‌ಗೆ ಇತ್ತು. ಕಿಣ್ವಕ್ಕೆ ಇರಲಿಲ್ಲ. ಇದ್ದುದರಲ್ಲಿ ಹತ್ತಿರದ್ದು ಎಂದು ವಾರ್ಡ್ ಕಚೇರಿಯ ‘ಹೊಸ ಮನೆ ಕಟ್ಟಲು ಅರ್ಜಿ’ ಎಳೆದುಕೊಂಡರು.

"ಎಷ್ಟು ಮನೆ ಮೇಡಂ?"

"ಮನೆ ಅಲ್ಲ ಶಂಭುಲಿಂಗಪ್ಪನೋರೆ, ಕಿಣ್ವ. ಎರಡು ಭಾಗ ಇದೆ."

"ಎರಡು ಮನೆ. ತಳಪಾಯ?"

"ಪೊರೆ. ಕೊಬ್ಬಿಂದು."

"ಕೊಬ್ಬು ಅಂದ್ರೆ ವಾಪಸ್ ಕಳಿಸ್ತಾರೆ. ಆರ್‌ಸಿಸಿ ಅಂತ ಹಾಕ್ತೀನಿ. ಒಳಗೆ ಯಾರು ಇರ್ತಾರೆ?"

"ಯಾರೂ ಇರಲ್ಲ. ಮಾತ್ರೆ ಬಂದು ಸ್ವಲ್ಪ ಹೊತ್ತು ಇದ್ದು ಹೋಗುತ್ತೆ."

"ಬಾಡಿಗೆ," ಎಂದು ಬರೆದು ಅಡಿಗೆರೆ ಎಳೆದರು.

ಅರ್ಜಿ ಹೋದ ಎಂಟನೇ ದಿನ ವಾರ್ಡ್ ಕಚೇರಿಯ ಇಂಜಿನಿಯರ್ ನಾಗಭೂಷಣ್ ಟೇಪು ಹಿಡಿದು ಬಂದರು. ಬಲಗಾಲು ಎಳೆದುಕೊಂಡೇ, ತಪಾಸಣೆಗೆಂದು ಮಾತ್ರ ಅಂಗಳಕ್ಕೆ ಬಿಟ್ಟಿದ್ದ ಕಿಣ್ವದ ಸುತ್ತ ಮೂರು ಸುತ್ತು ಬಂದು, ಟಾರ್ಚು ಬಿಟ್ಟು ಸುರಂಗ ನೋಡಿ ಹೋದರು. ಮಾರನೇ ದಿನ ನೋಟಿಸು ಬಂತು:

"ವಿಷಯ: ಅನಧಿಕೃತ ಕಿಣ್ವದ ಬಗ್ಗೆ. ಸ್ಥಳ ಪರಿಶೀಲಿಸಲಾಗಿ, ಸದರಿ ಕಿಣ್ವದ ಎರಡು ಮನೆಗಳ ನಡುವೆ ಗಾಳಿ ಬೆಳಕಿಗೆ ಮೂರಡಿ ಜಾಗ ಬಿಡದೇ ಇರುವುದು, ಬಾಗಿಲುಗಳನ್ನು ನೆಲದಡಿ ಇಟ್ಟಿರುವುದು ಹಾಗೂ ಓಣಿಗಳಲ್ಲಿ ಬುಗುರಿ ನಿಲ್ಲಿಸಿ ಸಂಚಾರಕ್ಕೆ ಅಡ್ಡಿಪಡಿಸಿರುವುದು ಕಂಡುಬಂದಿರುತ್ತದೆ. ಏಳು ದಿನದೊಳಗೆ ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಕಿಣ್ವವನ್ನು ತೆರವುಗೊಳಿಸಿ ಲಾರಿಯಲ್ಲಿ ಸಾಗಿಸಲಾಗುವುದು."

ಮೇಡಂ ನೋಟಿಸು ಹಿಡಿದು ವಾರ್ಡ್ ಕಚೇರಿಗೆ ಹೋದರು. ನಾಗಭೂಷಣ್ ಕುರ್ಚಿ ತೋರಿಸಿದರು. ಒಳ್ಳೆಯ ಮನುಷ್ಯ.

"ಸರ್, ಅವೆರಡನ್ನ ಬಿಡಿಸಿದ್ರೆ ಕಿಣ್ವ ಸತ್ತಂಗೆ."

"ಸಾಯ್ಲಿ ಬಿಡಿ ಮೇಡಂ, ನೋವು ತರೋ ಐಟಂ ತಾನೇ. ಗೋಡೆಗೆ ಗೋಡೆ ಅಂಟಿಸಿದ್ರೆ ನಾಳೆ ಖಾತೆ ಹೆಂಗೆ ಬೇರೆ ಮಾಡ್ತೀರಿ?"

"ಬಾಗಿಲು ಅಡೀಲೇ ಇರಬೇಕು. ಒಳಗೆ ಹೋಗೋ ವಸ್ತು ಪೊರೆಯಿಂದ್ಲೇ ಮೇಲೆ ಹತ್ತೋದು."

"ನೆಲದಿಂದ ಮನೆ ಒಳಗೆ ಬರೋದು ಹೆಗ್ಗಣ ಮೇಡಂ. ಪೂರ್ವಕ್ಕಿಡಿ. ಹನುಮಂತನಗರದಲ್ಲಿ ನನ್ನ ಭಾಮೈದ ಬಾಗಿಲು ಮಾಡ್ತಾನೆ. ಒಳ್ಳೆ ತೇಗ."

"ಬುಗುರಿ?" ಮೇಡಂ ದನಿ ಸಣ್ಣಗಾಯಿತು. "ಬುಗುರಿ ತೆಗೆದ್ರೆ ಪಾಠಾನೇ ಇಲ್ಲ ಸರ್."

"ಬೆಂಕಿ ಬಿದ್ರೆ ಜನ ಹೊರಗೆ ಓಡೋದು ಹೆಂಗೆ? ನೀವೇ ಹೇಳಿ."

ಜನ ಅಲ್ಲಿ ಇರುವುದಿಲ್ಲ ಎಂದು ಮೇಡಂ ಹೇಳಬಹುದಿತ್ತು. ಆದರೆ ಅರ್ಜಿಯಲ್ಲಿ ಬಾಡಿಗೆ ಎಂದಿತ್ತು.

ಲಾರಿಯನ್ನು ನೆನೆಸಿಕೊಂಡು ಮೇಡಂ ಒಪ್ಪಿದರು. ಮೊದಲ ದಿನ ಎರಡು ಗಂಟನ್ನೂ ಬಿಡಿಸಿ ಮೂರಡಿ ದೂರ ನಿಲ್ಲಿಸಿದರು. ಮಣಿಗಳು ಉದುರಿ ಅಂಗಳವೆಲ್ಲ ಹರಡಿದವು, ಮೇಡಂ ಬಗ್ಗಿ ಬಗ್ಗಿ ಆರಿಸಿದರು. ಎರಡನೇ ದಿನ ಬುಡದ ತೂತು ಮುಚ್ಚಿ, ಹೊಟ್ಟೆಗೆ ಪೂರ್ವಮುಖವಾಗಿ ತೇಗದ ಬಾಗಿಲು ಕೂರಿಸಿದರು. ಬಾಗಿಲಿನ ತೂಕಕ್ಕೆ ಕಿಣ್ವ ವಾಲಿತು, ಒಂದು ಸರ್ವೆ ಮರದ ಕಂಬ ಆನಿಸಿದರು. ಮೂರನೇ ದಿನ ಬುಗುರಿಗಳನ್ನು ಕಿತ್ತರು. ಶಂಭುಲಿಂಗಪ್ಪನವರು ಅವಕ್ಕೆ ‘ಅಡಚಣೆ ಒಂದು’, ‘ಅಡಚಣೆ ಎರಡು’ ಎಂದು ಚೀಟಿ ಅಂಟಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹೊಸ ಬಾಗಿಲು ಅಂದ ಮೇಲೆ ಹಾಗೇ ಬಿಡಲಾದೀತೇ. ಮಾವಿನೆಲೆ ಕಟ್ಟಿ, ಕಿಣ್ವದ ಮುಂದೆ ಹಾಲುಕ್ಕಿಸಿದರು. ಕೆಮಿಸ್ಟ್ರಿ ಲ್ಯಾಬಿನ ಬರ್ನರಲ್ಲಿ ಹಾಲು ಚೆನ್ನಾಗಿ ಉಕ್ಕಿತು.

ಮೂವತ್ತನೇ ತಾರೀಖು ನಾಗಭೂಷಣ್ ತಿದ್ದಿದ ಕಿಣ್ವದ ನಕ್ಷೆಗೆ ಸಹಿ ಹಾಕಲು ಬಂದರು. ಸ್ಟಾಫ್ ರೂಮು ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬಂದವರು ಮಂಡಿ ಹಿಡಿದು ಕೂತೇಬಿಟ್ಟರು.

"ಮೇಡಂ, ಮಾತ್ರೆ ಗೀತ್ರೆ ಇದ್ಯಾ?"

ಮೇಡಂ ಬ್ಯಾಗಿನಿಂದ ಮಾತ್ರೆ ತೆಗೆದರು. ಕೊಡುವ ಮುಂಚೆ ಒಂದು ಮಾತು ಕೇಳಿದರು. "ಇದು ಹೋಗಿ ಕೂರೋ ಜಾಗಾನೇ ನೀವು ತೆಗೆಸಿದ್ದೀರಲ್ಲ ಸರ್. ಈಗ ಎಲ್ಲಿ ಕೂರುತ್ತೆ?"

"ಹೋಗ್ಲಿ ಮೇಡಂ, ಎಲ್ಲೋ ಒಂದು ಕಡೆ ಅಡ್ಜಸ್ಟ್ ಮಾಡ್ಕೊಳತ್ತೆ," ಎಂದು ಅವರು ಕಾಫಿಯಲ್ಲೇ ನುಂಗಿದರು.

ಮುಕ್ಕಾಲು ಗಂಟೆ ಫೈಲು ತಿರುವಿದರು. ಆಮೇಲೆ ಕಾಲು ಚಾಚಿದರು, ಮಡಿಚಿದರು, ಎದ್ದು ಎರಡು ಹೆಜ್ಜೆ ಹಾಕಿದರು.

"ನೋವು ಹೋಯ್ತು."

"ಒಳ್ಳೇದಾಯ್ತು ಸರ್."

"ಅಂದ್ರೆ ನಮ್ಮ ನಕ್ಷೆ ಸರಿಯಾಗಿದೆ," ಎಂದು ನಾಗಭೂಷಣ್ ಸಹಿ ಹಾಕಿದರು.

ಮೇಡಂ ಬಾಯಿ ತೆರೆದರು. ಪಕ್ಕದಲ್ಲೇ ನಿಂತಿದ್ದ ಶಂಭುಲಿಂಗಪ್ಪನವರು ಆಗಲೇ ಸೀಲು ಒತ್ತಿದ್ದರು. ಸೀಲಿನ ಮುಂದೆ ಬಾಯಿ ತೆರೆದು ಪ್ರಯೋಜನವಿಲ್ಲವೆಂದು ಮೂವತ್ತು ವರ್ಷದಲ್ಲಿ ಮೇಡಂಗೂ ಗೊತ್ತಾಗಿತ್ತು.

ಸಂಜೆಯೊಳಗೆ ಕಾಲೇಜಿನ ಸುತ್ತೋಲೆ ಹೊರಟಿತು. ಮಂಜೂರಾದ ನಕ್ಷೆಗೂ ಪಠ್ಯಪುಸ್ತಕಕ್ಕೂ ವ್ಯತ್ಯಾಸ ಕಂಡಲ್ಲಿ ನಕ್ಷೆಯೇ ಅಂತಿಮ. ಕಿರುಪರೀಕ್ಷೆಯಲ್ಲಿ ಸದರಿ ಕಿಣ್ವಕ್ಕೆ ಐದು ಅಂಕ: ಎರಡು ಮನೆಗೆ ಎರಡು, ಮೂರಡಿ ಜಾಗಕ್ಕೆ ಒಂದು, ಬಾಗಿಲಿಗೆ ಒಂದು, ಬಾಗಿಲು ಪೂರ್ವಕ್ಕಿದ್ದರೆ ಇನ್ನೊಂದು.

ಮೂವತ್ತೊಂದರಂದು ಚೂಡಾಮಣಿ ಮೇಡಂ ಕಿಣ್ವದ ಪಕ್ಕ ನಿಂತರು. ಆಸೆಪಟ್ಟಂತೆಯೇ ಅಂಗಳ, ಬಿಸಿಲು, ಎದುರಿಗೆ ನೆಲದ ಮೇಲೆ ಕೂತ ಮಕ್ಕಳು. ಬಾಗಿಲ ಮೇಲಿನ ಮಾವಿನೆಲೆ ಬಾಡಿತ್ತು. ಮೇಡಂ ಸೀರೆಯ ಸೆರಗಿನಲ್ಲಿ ಚಷ್ಮಾ ಒರೆಸಿಕೊಂಡು, ಮಂಜೂರಾದ ನಕ್ಷೆಯ ಪ್ರಕಾರ ಪಾಠ ಮಾಡಿದರು. ಮಕ್ಕಳಿಗೆ ಅಂಕ ಹೋಗಬಾರದಲ್ಲ.

ಮುಂದಿನ ಸಾಲಿನಿಂದ ಮಾನ್ಯ ಕೈ ಎತ್ತಿದಳು. ಬುಗುರಿ ಇದ್ದಾಗಿನ ಕಿಣ್ವವನ್ನು ನೋಡಿದ್ದ ಹುಡುಗಿ, ಮೇಡಂ ಜೊತೆ ಎರಡು ಭಾನುವಾರ ಮಣಿ ಪೋಣಿಸಿದ್ದವಳು.

"ಮೇಡಂ, ಹಿಂಗಿದ್ರೆ ಮಾತ್ರೆ ಒಳಗೆ ಹೆಂಗೆ ಹೋಗುತ್ತೆ?"

ಮೇಡಂ ಒಮ್ಮೆ ಕಿಣ್ವವನ್ನು ನೋಡಿದರು, ಒಮ್ಮೆ ಆಫೀಸಿನ ಕಿಟಕಿಯ ಬಳಿ ಕೂತ ಶಂಭುಲಿಂಗಪ್ಪನವರನ್ನು.

"ಅರ್ಜಿ ಹಾಕ್ಬೇಕಮ್ಮ," ಎಂದರು. "ಎರಡು ಪ್ರತಿ."

ಮಕ್ಕಳೆಲ್ಲ ತಲೆ ಬಗ್ಗಿಸಿ ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು.