ಹನ್ನೊಂದು ದಿನದಿಂದ ಸಿಂಕಿನ ಕಡೆಗೇ ಮತ ಹಾಕುತ್ತಿರುವ ಆಮೆಯವರಿಗೆ

ಮಾನ್ಯರೇ,

ಅಡುಗೆಮನೆಯ ಸಿಂಕಿನ ಕೆಳಗೆ, ನೀಲಿ ಬಕೆಟ್ಟಿನ ಹಿಂದೆ, ಒಂಬತ್ತು ವರ್ಷಗಳಿಂದ ಸುಖವಾಗಿ ವಾಸಿಸುತ್ತಿರುವ ತಮಗೆ, ಅದೇ ಮನೆಯಲ್ಲಿ ಅಷ್ಟೇನೂ ಸುಖವಾಗಿಲ್ಲದ ಈ ಹೊಲಿಗೆ ಯಂತ್ರ ರಿಪೇರಿಯವನ ನಮಸ್ಕಾರಗಳು. ತಮ್ಮ ಚಿಪ್ಪು, ನಾಲ್ಕು ಕಾಲು ಮತ್ತು ಬಾಲ ಕ್ಷೇಮವೆಂದು ನಂಬಿದ್ದೇನೆ. ತಲೆಯ ವಿಚಾರ ಕೇಳುವುದಿಲ್ಲ. ನಾನು ಮಾತಾಡಲು ಶುರು ಮಾಡಿದಾಗಲೆಲ್ಲ ತಾವು ಅದನ್ನು ಒಳಗೆ ಎಳೆದುಕೊಳ್ಳುವುದರಿಂದ ಅದನ್ನು ನೋಡಿ ಬಹಳ ದಿನಗಳಾದವು.

ದೂರನ್ನು ಲಕೋಟೆಯಲ್ಲಿಟ್ಟು ಕೊಡುವುದೇ ಮರ್ಯಾದೆ ಎಂದು ನನಗೂ ಗೊತ್ತು. ಆದರೆ ಮಗನ ಶಾಲೆಗೆ ಬರೆದಿದ್ದ ರಜೆ ಚೀಟಿಯನ್ನು ತಾವು ಲಕೋಟೆ ಸಮೇತ ತಿಂದು ಮುಗಿಸಿದ್ದರಿಂದ, ಇದನ್ನು ಬಹಿರಂಗ ಪತ್ರವಾಗಿ ಬರೆದು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿಗೆ, ನೆಲದಿಂದ ನಾಲ್ಕು ಬೆರಳು ಮೇಲೆ, ತಮ್ಮ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸುತ್ತಿದ್ದೇನೆ. ದಿನಚರಿ ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದವನು ನಾನು. ತಪ್ಪಿದ್ದರೆ ಕ್ಷಮಿಸಿ. ಅವಸರ ತಮಗೆ ಹೇಗೂ ಇಲ್ಲ.

ತಮ್ಮ ಪೂರ್ವವೃತ್ತಾಂತವನ್ನು ತಮಗೇ ನೆನಪಿಸುವುದು ಉದ್ಧಟತನವಾದೀತು, ಆದರೂ ಬರೆಯುತ್ತೇನೆ. ನನ್ನ ಹೆಂಡತಿ ಹದಿನಾರು ವರ್ಷ ಏಳನೇ ನಂಬರಿನ ಬಸ್ಸು ಓಡಿಸಿದವಳು. ಅದು ಊರು ಸುತ್ತಿ ಹೊರಟಲ್ಲಿಗೇ ಬರುವ ಬಸ್ಸು. ಒಂದು ದಿನ ಹಿಂದಿನ ಸೀಟಿನಲ್ಲಿ ಯಾರೋ ಬಿಟ್ಟುಹೋದ ಬುಟ್ಟಿಯಲ್ಲಿ ತಾವಿದ್ದಿರಿ. ಡಿಪೋದ ಕಳೆದ ವಸ್ತುಗಳ ಪುಸ್ತಕದಲ್ಲಿ ತಮ್ಮನ್ನು 'ಆಮೆ, ಒಂದು, ಕಂದು, ಬಳಸಿದ್ದು' ಎಂದು ದಾಖಲಿಸಿ, ಒಂದು ಮುರಿದ ಛತ್ರಿಗೂ ಒಂದು ಕಟ್ಟಿಸಿದ ಹಲ್ಲಿನ ಸೆಟ್ಟಿಗೂ ನಡುವೆ ಮೂವತ್ತು ದಿನ ಇಟ್ಟಿದ್ದರು. ಯಾರೂ ಕೇಳಿಕೊಂಡು ಬರಲಿಲ್ಲ. ಹಲ್ಲಿನ ಸೆಟ್ಟನ್ನು ಕೇಳಿಕೊಂಡು ಇಬ್ಬರು ಬಂದಿದ್ದರಂತೆ. ಮೂವತ್ತೊಂದನೇ ದಿನ ಅವಳು ತಮ್ಮನ್ನು ಮನೆಗೆ ತಂದು, ಬಸ್ಸಿಗೆ ಬಳಿದು ಉಳಿದಿದ್ದ ಹಳದಿ ಬಣ್ಣದಲ್ಲಿ ಬೆನ್ನಿನ ಮೇಲೆ ಏಳು ಎಂದು ಬರೆದಳು. ಅಂದಿನಿಂದ ತಾವು ಈ ಮನೆಯವರು.

ಮಕ್ಕಳನ್ನು ಕಟ್ಟಿಕೊಂಡು ಒಂದು ವರ್ಷ ಪ್ರಪಂಚ ಸುತ್ತಿ ಬರುವ ಯೋಜನೆಯೂ ಅವಳದೇ. ದೇಶ ಸುತ್ತು ಇಲ್ಲವೇ ಕೋಶ ಓದು ಎನ್ನುತ್ತಾರೆ. ಅವಳು ಸುತ್ತುವ ಮೊದಲೇ ಕೋಶವನ್ನೂ ತಾನೇ ಬರೆದುಬಿಟ್ಟಳು: ಇನ್ನೂರು ಪುಟದ ನೋಟ್‌ಬುಕ್ಕು, ಮೂವತ್ತೊಂದು ಸ್ಟಾಪು, ಪ್ರತಿ ಸ್ಟಾಪಿನಲ್ಲೂ ಮಕ್ಕಳಿಗೆ ಶೌಚಾಲಯ ಎಷ್ಟು ಹೆಜ್ಜೆ ದೂರ ಎಂಬ ಅಂದಾಜು, ಹಲ್ಲುನೋವು ಬಂದರೆ ಯಾವ ದೇಶದಲ್ಲಿ ಬರುವುದು ಒಳ್ಳೆಯದು ಎಂಬ ಸಲಹೆ. ಕೊನೆಯ ಸ್ಟಾಪು ನಮ್ಮ ಮನೆ. "ಹೊರಟಲ್ಲಿಗೇ ವಾಪಸ್ ಬರೋದಾದ್ರೆ ಹೋಗೋದ್ಯಾಕಮ್ಮ?" ಎಂದು ಹದಿಮೂರರ ಮಗಳು ಕೇಳಿದ್ದಕ್ಕೆ, "ಹದಿನಾರು ವರ್ಷ ಅದನ್ನೇ ಮಾಡಿ ನಿನ್ನ ಸಾಕಿದ್ದೀನಿ ಕಣೇ" ಎಂದಳು. ಪ್ರತಿ ಪುಟದ ಕೆಳಗೂ ಎರಡು ಸಾಲು ತಪ್ಪದೆ ಇವೆ. 'ದಾರಿ: ನಾನು. ಲಗೇಜು: ಅವರು.' ಅವರು ಎಂದರೆ ನಾನು.

ಯಾವ ದೇಶದ ನಂತರ ಯಾವ ದೇಶ ಎಂದು ಜಗಳವಾದಾಗಲೆಲ್ಲ ಅವಳು ಪ್ರಪಂಚದ ನಕ್ಷೆಯನ್ನು ಅಡುಗೆಮನೆ ನೆಲಕ್ಕೆ ಹಾಸಿ, ತಮ್ಮನ್ನು ನಟ್ಟನಡುವೆ ಸಮುದ್ರದಲ್ಲಿ ಬಿಡುತ್ತಿದ್ದಳು. ತಾವು ಹೋದದ್ದೇ ದಾರಿ. ತಾವು ಎರಡು ಪರ್ವತಗಳನ್ನು ಹತ್ತು ನಿಮಿಷದಲ್ಲಿ ದಾಟಿದ್ದನ್ನೂ, ಒಂದು ಮರುಭೂಮಿಯನ್ನು ಒದ್ದೆ ಮಾಡಿ ಅದನ್ನು ಪ್ರವಾಸದಿಂದಲೇ ತೆಗೆಸಿದ್ದನ್ನೂ ನಾವು ತಕರಾರಿಲ್ಲದೆ ಒಪ್ಪಿಕೊಂಡವರು.

ಅವಳು ಆಸ್ಪತ್ರೆಯಲ್ಲಿದ್ದ ಕೊನೆಯ ವಾರ, ತಾನಿಲ್ಲದಿದ್ದರೂ ಹೋಗಿ ಬನ್ನಿ ಎಂದಳು. ಏಳು ವರ್ಷದ ಮಗ ಹೋಗೋಣ ಎಂದ. ಮಗಳು ಬೇಡ ಎಂದಳು. ಹಾಸಿಗೆಯ ಎರಡು ಪಕ್ಕದಲ್ಲಿ ನಿಂತು ಇಬ್ಬರೂ ಕಿತ್ತಾಡುತ್ತಿದ್ದಾಗ ಅವಳು ನಕ್ಕು, "ನನ್ನ ಓಟು ಆಮೆಗೆ ಕೊಟ್ಟಿದ್ದೀನಿ, ಅದು ಹೇಳಿದ ಹಾಗೆ ಕೇಳಿ" ಎಂದಳು. ಅದು ತಮಾಷೆಯೋ ನಿಜವೋ ಎಂದು ಆಮೇಲೆ ಕೇಳೋಣ ಎಂದುಕೊಂಡೆ. ಆಮೇಲೆ ಎನ್ನುವುದು ಬರಲಿಲ್ಲ.

ಹೀಗಾಗಿ ಪ್ರಪಂಚ ಪ್ರವಾಸದ ಭವಿಷ್ಯವು ಕಾನೂನುಬದ್ಧವಾಗಿ ತಮ್ಮ ಕಾಲಡಿಗೆ ಬಂದಿದೆ. ಮಕ್ಕಳ ಮತ ಒಂದಕ್ಕೊಂದು ವಜಾ ಆಯಿತು. ಆಮೆ ಹೋದ ಕಡೆಗೇ ನನ್ನದೂ ಎಂದು ನಾನು ಹಿರಿಯನ ಗಾಂಭೀರ್ಯದಿಂದ ಘೋಷಿಸಿದೆ. ನಕ್ಷೆಯ ಒಂದು ಅಂಚು ಮುಂಬಾಗಿಲಿಗೆ, ಅಂದರೆ ಹೊರಡುವುದು. ಇನ್ನೊಂದು ಸಿಂಕಿಗೆ, ಅಂದರೆ ಉಳಿಯುವುದು. ಶಾಲೆಗೆ ಹೊರಡುವ ಮೊದಲು ಮಗ ತಮ್ಮನ್ನು ಸಮುದ್ರದಲ್ಲಿ ಬಿಡುತ್ತಾನೆ. ತಾವು ಒಂದು ಕ್ಷಣ ಗಾಳಿಯನ್ನು ಮೂಸಿ, ಹಿಂದೆ ಮುಂದೆ ನೋಡದೆ ಸಿಂಕಿನ ಕಡೆ ಹೊರಡುತ್ತೀರಿ. ಮಗ ಮತ ಎಣಿಕೆ ಸರಿಯಿಲ್ಲ, ನಾಳೆ ಇನ್ನೊಮ್ಮೆ ಎನ್ನುತ್ತಾನೆ. ಹನ್ನೊಂದು ದಿನ, ಹನ್ನೊಂದು ಸಲ ಸಿಂಕು!

ತಮ್ಮ ಈ ಅಚಲ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಭೂಮಿಯ ಮೇಲಿನ ಖಂಡಗಳನ್ನು ಕಾಲಿನಿಂದ ತುಳಿದು ಪಾತ್ರೆ ತೊಳೆಯುವ ಜಾಗವನ್ನೇ ಆರಿಸಿಕೊಂಡ ಯಾತ್ರಿಕರು ಚರಿತ್ರೆಯಲ್ಲಿ ಇನ್ನೊಬ್ಬರಿರಲಾರರು. ಆದರೆ ಇದರ ಪರಿಣಾಮಗಳನ್ನೂ ತಮ್ಮ ಗಮನಕ್ಕೆ ತರಬೇಕು. ನಮ್ಮ ಮನೆಗೆ ಒಂದು ವರ್ಷ ಬಾಡಿಗೆಗೆ ಬರಲಿರುವ ತುತ್ತೂರಿ ಮೇಷ್ಟ್ರು ಮೊನ್ನೆ ಪರದೆಯ ಅಳತೆಗೆ ಬಂದು, ತಮ್ಮನ್ನು ದಾಟಿಕೊಂಡು ಹೋಗಿ, "ಇದೂ ಮನೆ ಜೊತೆ ಬರತ್ತಾ?" ಎಂದು ಕೇಳಿದರು. "ಇಲ್ಲ, ಅದರ ಹತ್ರ ಸ್ವಂತ ಮನೆ ಇದೆ" ಎಂದ ಮಗ. ಶನಿವಾರದೊಳಗೆ ಹೌದು ಅಲ್ಲ ಹೇಳದಿದ್ದರೆ ಅವರು ಬೇರೆ ಮನೆಯವರ ನಿದ್ದೆ ಕೆಡಿಸಲು ಹೋಗುತ್ತಾರಂತೆ. ಇಂದು ಗುರುವಾರ. ನಾಳೆ ಬೆಳಗಿನದೇ ಕೊನೆಯ ಮತದಾನ.

ಮಗನಂತೂ ಎಂದೋ ತನ್ನ ಚೀಲ ಕಟ್ಟಿದ್ದಾನೆ. ಅದರಲ್ಲಿರುವುದು ಒಂದು ಟಾರ್ಚು, ಮೂರು ಚಡ್ಡಿ, ಎಂಟು ಕಲ್ಲು. ಕಲ್ಲು ಯಾಕೋ ಎಂದರೆ "ಅಲ್ಲಿ ಸಿಗದಿದ್ರೆ?" ಎನ್ನುತ್ತಾನೆ. ಬೇರೆ ದೇಶದಲ್ಲೂ ಸೋಮವಾರ ಇರುತ್ತದೆ ಎಂದು ಹೇಳಿದಾಗ ಮಾತ್ರ ಅವನ ಉತ್ಸಾಹ ಅರ್ಧ ದಿನ ಕುಗ್ಗಿತ್ತು. ತಮ್ಮನ್ನು ನೋಡಿಕೊಳ್ಳಲು ಒಪ್ಪಿರುವ ನನ್ನ ಅತ್ತೆಯವರು, "ಆಮೆ ಮಾತು ಕೇಳಿ ಸಂಸಾರ ಮಾಡೋರು ಈ ಲೋಕದಲ್ಲಿ ನೀವೊಬ್ರೇ ಅಳಿಯಂದ್ರೇ" ಎಂದು ದಿನಕ್ಕೊಮ್ಮೆ ಫೋನಿನಲ್ಲಿ ಹೇಳಿ, ಆಮೇಲೆ ದನಿ ತಗ್ಗಿಸಿ, "ಇವತ್ತು ಯಾವ ಕಡೆ ಹೋಯ್ತು?" ಎಂದು ಕೇಳುತ್ತಾರೆ.

ಮಗಳು ಗೆದ್ದಿದ್ದಾಳೆ. ಹನ್ನೊಂದು ಸಲ ಗೆದ್ದವರು ಇನ್ನಷ್ಟು ಖುಷಿಯಾಗಿರಬೇಕಿತ್ತು. ಅವಳು ಅಮ್ಮನ ನೋಟ್‌ಬುಕ್ಕನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಕೇಳಿದರೆ, ದಿಂಬು ತಗ್ಗಾಗಿತ್ತು ಎನ್ನುತ್ತಾಳೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ಸಿಂಕೇ ಯಾಕೆ ಎಂಬುದಕ್ಕೆ ಸಕಾರಣವಾದ ಉತ್ತರವನ್ನು ಲಿಖಿತ ರೂಪದಲ್ಲಿ, ಸಾಧ್ಯವಾದರೆ ನಾಳೆ ಬೆಳಗಿನ ತಿಂಡಿಯೊಳಗೆ ಕೊಡಬೇಕು. ಅದು ಕಷ್ಟವಾದರೆ ಮತಾಧಿಕಾರಕ್ಕೆ ರಾಜೀನಾಮೆ ಕೊಟ್ಟು, ಆ ಮತವನ್ನು ಕೊಟ್ಟವಳಿಗೇ ಹಿಂದಿರುಗಿಸಬೇಕು. ಅವಳ ವಿಳಾಸ ತಮಗೆ ಸಿಕ್ಕಿದ್ದರೆ ನನಗೂ ತಿಳಿಸಬೇಕು. ಅದೂ ಆಗದಿದ್ದರೆ, ಅವಳ ಮತ ಚಲಾಯಿಸುವವರು ಅವಳ ಹಾಗೆಯೇ ಬೀದಿಯ ತಿರುವಿನಲ್ಲಿ ಎರಡು ಸಲ ಹಾರ್ನ್ ಮಾಡಿ ಒಳಗೆ ಬರಬೇಕು. ಇದ್ಯಾವುದೂ ಬೇಡ ಎಂದರೆ ತಮ್ಮ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟುಕೊಡಲು ನಾನು ಸಿದ್ಧ. ಹಿಂದಕ್ಕೇ ಓಡುವ ಯಂತ್ರಗಳನ್ನು ಮುಂದಕ್ಕೆ ಓಡಿಸುವುದೇ ನನ್ನ ಹೊಟ್ಟೆಪಾಡು. ತಮ್ಮ ಮೌನವನ್ನು ಸಮ್ಮತಿಯೆಂದು ತಿಳಿಯುತ್ತೇನೆ. ಯಾವುದಕ್ಕೆ ಎಂದು ಮಾತ್ರ ಗೊತ್ತಿಲ್ಲ.

ತಮ್ಮ ವಿಶ್ವಾಸಿ,
ಲಗೇಜು ಹೊರುವವನು

ಮರೆತ ಮಾತು: ಹನ್ನೊಂದು ದಿನವೂ ಮಕ್ಕಳು ಏಳುವ ಮೊದಲು ನಕ್ಷೆಯ ಸಿಂಕಿನ ಅಂಚಿನ ಕೆಳಗೆ ಎಲೆಕೋಸಿನ ಎಲೆ ತುರುಕಿದ ದುಷ್ಟ ಯಾರೆಂದು ತಮಗೆ ಗೊತ್ತು. ಹನ್ನೊಂದು ಎಲೆ ತಿಂದೂ ಬಾಯಿ ಬಿಡದ ತಮ್ಮಂಥ ಭ್ರಷ್ಟ ಮತದಾರರನ್ನು ನಾನು ಕಂಡಿಲ್ಲ. ನನ್ನ ಸಮಜಾಯಿಷಿ ಇಷ್ಟೇ. ಇನ್ನೂರು ಪುಟಗಳಲ್ಲೂ ದಾರಿ ಅವಳದು, ದಾರಿ ನನಗೆ ಗೊತ್ತಿಲ್ಲ, ಹೆದರಿಕೆಯಾಯಿತು. ಆದರೆ ಇಂದು ಬೆಳಿಗ್ಗೆ ಮರೆತ ಸ್ಕ್ರೂಡ್ರೈವರಿಗೆಂದು ಬಾಗಿಲಿನಿಂದ ಹಿಂದಿರುಗಿದಾಗ, ಈ ಮನೆಯವರೊಬ್ಬರು ತಮ್ಮ ಪಕ್ಕದಲ್ಲಿ ಬೋರಲು ಮಲಗಿ, "ಒಂದೇ ಒಂದ್ಸಲ ಬಾಗಿಲ ಕಡೆ ಹೋಗೋ, ಪ್ಲೀಸ್. ನಾನು ಬೇಡ ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ" ಎಂದು ಪಿಸುಗುಟ್ಟುತ್ತಿದ್ದರು. ಅದು ಯಾರೆಂದು ಬರೆಯುವುದಿಲ್ಲ. ಏಳು ವರ್ಷದವನಂತೂ ಅಲ್ಲ. ಅವರು ಇನ್ನೊಮ್ಮೆ ಅದೇ ಜಾಗದಲ್ಲಿ ಮಲಗಿದರೆ ಈ ಕಾಗದ ಅವರ ಕಣ್ಣಿಗೆ ನೇರವಾಗಿ ಬೀಳುತ್ತದೆ. ಅಲ್ಲಿಯವರೆಗೆ ಇದನ್ನು ತಿನ್ನದೆ ಇರಬೇಕಾಗಿ ಪ್ರಾರ್ಥನೆ.

ನಾಳೆಯ ಎಲೆ ಮುಂಬಾಗಿಲ ಹೊಸ್ತಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಓಡಿ ಬರುವವರಿಗೆ ಬಸ್ಸು ನಿಲ್ಲಿಸುವುದು, ನಡೆದು ಬರುವವರಿಗೆ ಇಲ್ಲ ಎನ್ನುವುದು ಅವಳ ನಿಯಮವಾಗಿತ್ತು. ಚಾಲಕ ಹೊಸಬ. ತಾವು ನಡೆದೇ ಬನ್ನಿ, ನಿಲ್ಲಿಸಿರುತ್ತೇನೆ.